ಮನೆಯ ಸುತ್ತಣ ತೋಟವನ್ನು ಗುತ್ತಿಗೆಗೆ ಕೊಡುವವರು ತಿಳಿದಿರತಕ್ಕ ಸಂಗತಿಗಳು

ಎತ್ತುಗಳನ್ನು ಕೊಳ್ಳಲು ಜಾತ್ರೆಗೆ ಹೋದ ರೈತನು ಹಲ್ಲು ಹಿಡಿದು ನೋಡದೆ, ಸುಳಿಯನ್ನು ಪರೀಕ್ಷಿಸದೆ, ಹತ್ತು ಹೆಜ್ಜೆ ನಡೆಸಿ ನೋಡದೆ ಹಣದ ಗಂಟನ್ನು ಬಿಚ್ಚುವುದಿಲ್ಲ. ಬಿತ್ತನೆಯ ರಾಗಿಯನ್ನು ತರುವವನು ಅದನ್ನು ಅಂಗೈಯಲ್ಲಿಟ್ಟು ಊದಿ ನೋಡಿಯೇ ತರುವನು. ಇಷ್ಟು ಜಾಗರೂಕರಾದವರೇ ಹೊಸ ಮನೆಯನ್ನು ಕಟ್ಟಿಸಿ, ಅದರ ಸುತ್ತ ಹುಲ್ಲುಹಾಸು, ಹೂವಿನ ಪಾತಿ, ಹಣ್ಣಿನ ಗಿಡ ಮೊದಲಾದವುಗಳನ್ನು ಏರ್ಪಡಿಸುವ ಕೆಲಸವನ್ನು ಗುತ್ತಿಗೆದಾರನಿಗೆ ಒಪ್ಪಿಸುವಾಗ, ಏನನ್ನೂ ಅಳೆಯದೆ, ಏನನ್ನೂ ಬರೆಯಿಸಿಕೊಳ್ಳದೆ ಹಣವನ್ನು ಕೊಟ್ಟುಬಿಡುವುದುಂಟು. ಹೊಲದ ಕೆಲಸವೆಂದರೆ ತಮಗೆ ತಿಳಿದದ್ದು, ‘ಲ್ಯಾಂಡ್‌ಸ್ಕೇಪ್’ ಎಂದರೆ ಪಟ್ಟಣದವರಿಗೆ ತಿಳಿದದ್ದು ಎಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಹೆಸರು ಬೇರೆಯಾದ ಮಾತ್ರಕ್ಕೆ ಮಣ್ಣು ಬೇರೆಯಾಗುವುದಿಲ್ಲ. ಹೊಲದಲ್ಲಿ ಯಾವುದು ನಿಜವೋ ಅದು ಮನೆಯ ಅಂಗಳದಲ್ಲಿಯೂ ನಿಜವೇ.

ಶಾಂತಿಗ್ರಾಮವು ಹಾಸನದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಹಳೆಯ ಊರು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರಿನೊಡನೆ ಈ ಊರಿನ ಹೆಸರನ್ನು ಸೇರಿಸಿ ಹೇಳುವುದು ವಾಡಿಕೆ. ಇಂತಹ ಹೆದ್ದಾರಿಯ ಬದಿಯ ಹೋಬಳಿಗಳಲ್ಲಿ ಊರಿನ ಒಳಗಣ ಹಳೆಯ ಮನೆಯನ್ನು ಬಿಟ್ಟು ತಮ್ಮ ಜಮೀನಿನಲ್ಲಿಯೇ ವಿಶಾಲವಾದ ಮನೆಯನ್ನು ಕಟ್ಟಿಸುವವರು ಇದ್ದಾರೆ. ಅಂತಹ ಒಬ್ಬ ಗೃಹಸ್ಥರಿಗೆ ಒದಗಿದ ನಷ್ಟವನ್ನು ಇಲ್ಲಿ ವಿವರಿಸಿದೆ. ಅವರ ಹೆಸರಾಗಲಿ ಗುತ್ತಿಗೆದಾರನ ಹೆಸರಾಗಲಿ ಇಲ್ಲಿ ಅನಾವಶ್ಯಕ. ನಷ್ಟವು ಆದ ಬಗೆಯನ್ನು ತಿಳಿದರೆ ಮತ್ತೊಬ್ಬರು ಅದಕ್ಕೆ ಗುರಿಯಾಗದಿರಬಹುದು.

ನಡೆದ ಸಂಗತಿ

ಈ ಗೃಹಸ್ಥರು ರಾಗಿ, ಆಲೂಗಡ್ಡೆ ಮತ್ತು ತೆಂಗನ್ನು ಬೆಳೆಯುವ ಅನುಭವಸ್ಥರು. ಅವರ ಹೊಸ ಮನೆಯ ನಿವೇಶನವು 12 ಗುಂಟೆ. ಅದರಲ್ಲಿ ಮನೆ, ಕೊಟ್ಟಿಗೆ ಮತ್ತು ಕಲ್ಲು ಹಾಸಿದ ಅಂಗಳಕ್ಕೆ 4 ಗುಂಟೆ ಹೋಗಿ 8 ಗುಂಟೆ ಉಳಿದಿತ್ತು. ವೈಶಾಖ ಮಾಸದಲ್ಲಿ ಗೃಹಪ್ರವೇಶವೆಂದು ನಿಶ್ಚಯವಾಗಿತ್ತು. ಬರುವ ನೆಂಟರಿಷ್ಟರ ಕಣ್ಣಿಗೆ ಮನೆಯ ಸುತ್ತ ಹಸಿರು ಕಾಣಬೇಕೆಂದು ಅವರ ಆಶೆ. ಪಟ್ಟಣದಿಂದ ಬಂದ ಗುತ್ತಿಗೆದಾರನು ಬಣ್ಣದ ಚಿತ್ರಗಳನ್ನು ತೋರಿಸಿ, 3 ಗುಂಟೆಯಲ್ಲಿ ಹುಲ್ಲುಹಾಸು, ಉಳಿದ 5 ಗುಂಟೆಯಲ್ಲಿ 12 ತೆಂಗು, 8 ಕಸಿ ಮಾವು ಮತ್ತು ಹೂವಿನ ಗಿಡಗಳು, ಎಲ್ಲಕ್ಕೂ ಮೊದಲು ಅರ್ಧ ಅಡಿ ದಪ್ಪನಾಗಿ ಒಳ್ಳೆಯ ಕೆಂಪು ಮಣ್ಣು, ಇಷ್ಟಕ್ಕೂ 2,80,000 ರೂಪಾಯಿ ಎಂದು ಹೇಳಿದನು. ಮಾತುಕತೆಯೆಲ್ಲವೂ ಜಗಲಿಯ ಮೇಲೆ ಬಾಯಿಮಾತಿನಲ್ಲಿಯೇ ನಡೆಯಿತು. ಗುಂಡಿಗಳ ಅಳತೆ, ಗೊಬ್ಬರದ ಪ್ರಮಾಣಗಳನ್ನು ಯಜಮಾನರು ಕೇಳಿದಾಗ, “ಅದನ್ನೆಲ್ಲಾ ನಮಗೆ ಬಿಡಿ ಗೌಡರೇ, ಗೃಹಪ್ರವೇಶದ ದಿನ ನೀವೇ ನೋಡುವಿರಂತೆ” ಎಂಬ ಉತ್ತರ ಬಂದಿತು.

ಕೆಲಸ ಆರಂಭವಾಗುವ ಮೊದಲೇ 1,00,000 ರೂಪಾಯಿ ನಗದಾಗಿ ಸಂದಿತು. ಅದಕ್ಕೆ ರಶೀದಿಯಿಲ್ಲ. ಮಣ್ಣು ಬಂದು ಬಿದ್ದ ದಿನ ಮತ್ತೊಂದು ಲಕ್ಷವನ್ನೂ, ಗಿಡಗಳನ್ನು ನೆಟ್ಟ ದಿನ 50,000 ರೂಪಾಯಿಯನ್ನೂ ಬ್ಯಾಂಕಿನ ಮೂಲಕ ಕೊಟ್ಟರು. ಉಳಿದದ್ದು 30,000 ರೂಪಾಯಿ ಮಾತ್ರ. ಗೃಹಪ್ರವೇಶದ ದಿನ ಎಲ್ಲವೂ ಹಸಿರಾಗಿಯೇ ಇತ್ತು. ನೋಡಿದವರು ಹೊಗಳಿ ಊಟ ಮಾಡಿ ಹೋದರು.

ಮೇ ತಿಂಗಳ ಗುಡುಗಿನ ಮಳೆಗಳು ಬಂದಾಗ ಮೊದಲನೆಯ ದೋಷ ಹೊರಬಿದ್ದಿತು. ಅಂಗಳದ ನೀರು ಕಾಂಪೌಂಡಿನ ಕಡೆಗೆ ಹರಿಯದೆ ಮನೆಯ ತಳಪಾಯದ ಕಡೆಗೆ ಹರಿದು, ಜಗಲಿಯ ಪಕ್ಕದಲ್ಲಿ ಮೊಳಕಾಲುದ್ದ ನಿಂತಿತು. ಆಷಾಢದ ಹೊತ್ತಿಗೆ ಹುಲ್ಲುಹಾಸು ಅಲ್ಲಲ್ಲಿ ಬೋಳಾಗಿ, ಆ ಜಾಗಗಳಲ್ಲಿ ತುಂಗೆಯೂ ಪಾರ್ಥೇನಿಯಮ್ಮೂ ಎದ್ದವು. ಮಾವಿನ ಗಿಡಗಳ ಎಳೆಯ ಎಲೆಗಳು ನರಗಳು ಮಾತ್ರ ಹಸಿರಾಗಿ ಉಳಿದು ಮಿಕ್ಕ ಭಾಗವೆಲ್ಲ ಹಳದಿಯಾದವು. ಮುಂದಿನ ಬೇಸಿಗೆಯೊಳಗಾಗಿ 12 ತೆಂಗಿನ ಸಸಿಗಳಲ್ಲಿ 7 ಸತ್ತವು. ಗುತ್ತಿಗೆದಾರನು ಮೊದಲು ನಾಳೆ ಬರುವೆನೆಂದನು. ಅನಂತರ ದೂರವಾಣಿಯ ಕರೆಗೆ ಉತ್ತರವನ್ನೇ ಕೊಡದಾದನು.

ಸತ್ತ ಒಂದು ತೆಂಗಿನ ಸಸಿಯನ್ನು ಕಿತ್ತು ಆ ಗುಂಡಿಯನ್ನು ಹಾರೆಯಿಂದ ಬಿಡಿಸಿದಾಗ ಕಾರಣವು ಬಯಲಾಯಿತು. ಗುಂಡಿಯ ಆಳ ಒಂದೂವರೆ ಅಡಿ. ತಳದಲ್ಲಿ ಇಟ್ಟಿಗೆಯ ಚೂರು, ಸಿಮೆಂಟಿನ ಗಾರೆ ಮತ್ತು ಹರಿದ ಸಿಮೆಂಟಿನ ಚೀಲ. ಗೊಬ್ಬರವೆಂದು ಹಾಕಿದ್ದು ಕೊಳೆಯದ ಹಸಿ ಸಗಣಿ. ಅದರ ತುಂಬ ಹುಳುಗಳು. ಮಾವಿನ ಗಿಡವೊಂದನ್ನು ತೆಗೆದು ನೋಡಿದರೆ ಬೇರುಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ ಚೀಲವು ಹಾಗೆಯೇ ಇದ್ದಿತು. ಎಂಟರಲ್ಲಿ ಐದು ಗಿಡಗಳಿಗೆ ಕಸಿಯ ಗಂಟೇ ಇರಲಿಲ್ಲ. ಅವು ಬೀಜದಿಂದ ಎದ್ದ ಸಸಿಗಳು.

ಈ ಕೆಲಸದಲ್ಲಿ ಕಣ್ಣಿಗೆ ಕಾಣುವ ಭಾಗವು ಮಣ್ಣಿನ ಮೇಲಿರುವುದು. ಗಿಡದ ಆಯುಸ್ಸನ್ನು ನಿರ್ಧರಿಸುವ ಭಾಗವಾದರೋ ಮಣ್ಣಿನ ಕೆಳಗಿರುವುದು. ಯಜಮಾನರು ಮೇಲಿನದನ್ನು ನೋಡಿ ಹಣ ಕೊಟ್ಟರು. ಮುಚ್ಚಿಹೋಗುವ ಕೆಲಸವನ್ನು ಮುಚ್ಚುವುದಕ್ಕೆ ಮೊದಲೇ ಅಳೆದು ನೋಡಿ, ಆ ಬಳಿಕ ಮಾತ್ರ ಹಣ ಕೊಡಬೇಕೆಂಬ ಒಂದು ನಿಯಮವನ್ನು ಪಾಲಿಸಿದ್ದರೆ ಈ ನಷ್ಟದ ಬಹುಭಾಗವು ತಪ್ಪುತ್ತಿತ್ತು. ಯಾವ ಯಾವ ಕೆಲಸವನ್ನು ಹೇಗೆ ಅಳೆಯಬೇಕೆಂಬುದನ್ನು ಮುಂದೆ ಒಂದೊಂದಾಗಿ ತಿಳಿಸಲಾಗಿದೆ.

1. ಮೇಲ್ಮಣ್ಣು

ಮನೆ ಕಟ್ಟುವಾಗ ತಳಪಾಯದಿಂದ ಅಗೆದ ಗರಸನ್ನು ಸುತ್ತಲೂ ಹರಡುವುದು ಸಾಮಾನ್ಯ. ಇದರಿಂದ ನೂರಾರು ವರ್ಷ ಉತ್ತು ಗೊಬ್ಬರ ಹಾಕಿದ ಮೇಲ್ಮಣ್ಣು ಅಡಿಗೆ ಹೋಗಿ, ಸತ್ವವಿಲ್ಲದ ಒಳಮಣ್ಣು ಮೇಲೆ ಬರುತ್ತದೆ. ಆದಕಾರಣ ಮನೆಯ ಕೆಲಸವನ್ನು ಆರಂಭಿಸುವುದಕ್ಕೆ ಮೊದಲೇ ನಿವೇಶನದ ಮೇಲಣ ಅರ್ಧ ಅಡಿ ಮಣ್ಣನ್ನು ಕೆರೆದು ಒಂದು ಮೂಲೆಯಲ್ಲಿ ರಾಶಿ ಹಾಕಿಸುವುದು ಉತ್ತಮ. ಹೀಗೆ ಮಾಡಿದವರಿಗೆ ಹೊರಗಿನಿಂದ ಮಣ್ಣು ಕೊಳ್ಳುವ ಪ್ರಸಂಗವೇ ಹೆಚ್ಚಾಗಿ ಬರುವುದಿಲ್ಲ.

ಹೊರಗಿನಿಂದ ತರಿಸಲೇಬೇಕಾದರೆ ಲೆಕ್ಕವು ಸುಲಭ. ಒಂದು ಗುಂಟೆಗೆ 1,089 ಚದರ ಅಡಿ. 8 ಗುಂಟೆಗೆ 8,712 ಚದರ ಅಡಿ. ಅರ್ಧ ಅಡಿ ದಪ್ಪಕ್ಕೆ 4,356 ಘನ ಅಡಿ ಮಣ್ಣು ಬೇಕು. 100 ಘನ ಅಡಿ ಹಿಡಿಯುವ ಟ್ರ್ಯಾಕ್ಟರಿನ ತೊಟ್ಟಿಯಲ್ಲಿ ಇದು ಸುಮಾರು 44 ಲೋಡು. ಮೇಲೆ ಹೇಳಿದ ಗೃಹಸ್ಥರಿಗೂ 44 ಲೋಡಿನ ಲೆಕ್ಕವನ್ನೇ ಹೇಳಲಾಗಿತ್ತು. ಆದರೆ ಆಮೇಲೆ ಹತ್ತು ಕಡೆ ಗುದ್ದಲಿಯಿಂದ ಕೆತ್ತಿ ನೋಡಿದಾಗ ಹೊಸ ಮಣ್ಣಿನ ದಪ್ಪವು ಸರಾಸರಿ 2 ಅಂಗುಲ. ಅಂದರೆ ಸುಮಾರು 15 ಲೋಡು. ಸಡಿಲವಾದ ಮಣ್ಣು ಮಳೆಗೆ ಕುಸಿದು ಕೂರುವುದು ಸಹಜವೇ. ಐದರಲ್ಲಿ ಒಂದು ಪಾಲು ಕುಸಿಯಿತೆಂದು ಬಿಟ್ಟರೂ 5 ಅಂಗುಲಕ್ಕೆ ಸ್ವಲ್ಪ ಕಡಿಮೆಯಾಗಿ ಇರಬೇಕಾಗಿತ್ತು, 2 ಅಂಗುಲವಾಗಬಾರದಾಗಿತ್ತು. ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಮೊದಲ ದಿನವೇ ಅಳೆದು ಬರೆದಿಟ್ಟುಕೊಂಡು, ಬಂದ ಪ್ರತಿ ಲೋಡಿಗೂ ಮನೆಯವರೊಬ್ಬರು ಗೀಟು ಹಾಕಿದ್ದರೆ ಈ ವ್ಯತ್ಯಾಸವು ಆ ದಿನವೇ ತಿಳಿಯುತ್ತಿತ್ತು.

ಕೆಂಪಾಗಿರುವ ಮಣ್ಣೆಲ್ಲವೂ ಒಳ್ಳೆಯ ಮಣ್ಣಲ್ಲ. ಗುಡ್ಡವನ್ನು ಆಳವಾಗಿ ಅಗೆದು ತಂದ ಮಣ್ಣು ನೋಡಲು ಚೆಂದವಾಗಿದ್ದರೂ ಅದರಲ್ಲಿ ಸಾವಯವ ಪದಾರ್ಥ ಇರುವುದಿಲ್ಲ. ಆಲೂಗಡ್ಡೆ ಬೆಳೆದ ಹೊಲದ ಮಣ್ಣನ್ನು ತಂದರೆ ದುಂಡಾಣು ಸೊರಗು ರೋಗವು ಅದರೊಡನೆ ಬರಬಹುದು. ಅದು ಕೈತೋಟದ ಟೊಮ್ಯಾಟೊ, ಬದನೆ, ಮೆಣಸಿನ ಗಿಡಗಳಿಗೂ ತಗಲುತ್ತದೆ. ತುಂಗೆಯ ಗಡ್ಡೆ ಸೇರಿದ ಮಣ್ಣು ಒಂದು ಸಲ ಅಂಗಳಕ್ಕೆ ಬಂದರೆ ಪಕ್ಕದ ರಾಗಿಯ ಹೊಲಕ್ಕೂ ಹಬ್ಬುವುದು. ಆದುದರಿಂದ ಮಣ್ಣು ಎಲ್ಲಿಂದ ಬರುವುದೆಂಬುದನ್ನು ಮೊದಲು ಹೋಗಿ ನೋಡಿ ಬರಬೇಕು. ಒಂದು ಸೇರಿನಷ್ಟು ಮಾದರಿಯನ್ನು ಮಣ್ಣು ಪರೀಕ್ಷೆಗೆ ಕಳುಹಿಸಬೇಕು. ಹಾಸನದ ಸಮೀಪ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ವಿಷಯವಾಗಿ ಸಲಹೆ ಪಡೆಯಬಹುದು.

2. ಕಟ್ಟಡದ ಕಸ

ಗಾರೆ, ಸುಣ್ಣ, ಸಿಮೆಂಟುಗಳು ಮಣ್ಣಿಗೆ ಸೇರಿದರೆ ಅದರ ಕ್ಷಾರಗುಣ ಹೆಚ್ಚುತ್ತದೆ. ಅಂತಹ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರುಗಳು ಅದನ್ನು ಹೀರಲಾರವು. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುವುದು ಇದರ ಲಕ್ಷಣ. ಇದನ್ನು ಗೊಬ್ಬರದ ಕೊರತೆಯೆಂದು ಭಾವಿಸಿ ಯೂರಿಯಾವನ್ನು ಸುರಿದರೆ ಗುಣ ಕಾಣದು. ಕಸವನ್ನು ತೆಗೆಸುವುದೇ ಮದ್ದು. ಹೂಳಿದ ಕಸವನ್ನು ಗಿಡ ನೆಟ್ಟ ಮೇಲೆ ತೆಗೆಸುವುದು ಬಹಳ ಶ್ರಮದ ಕೆಲಸ. ಆದಕಾರಣ ಮನೆಯನ್ನು ಕಟ್ಟಿದ ಮೇಸ್ತ್ರಿಯ ಲೆಕ್ಕವನ್ನು ತೀರಿಸುವ ಮೊದಲೇ ಕಸವನ್ನೆಲ್ಲ ಅವನಿಂದಲೇ ಸಾಗಿಸಿಬಿಡಬೇಕು.

ತೇವವಿರುವಾಗ ಜೆ.ಸಿ.ಬಿ. ಯಂತ್ರವನ್ನು ಓಡಿಸಿದರೆ ಮಣ್ಣು ಕಲ್ಲಿನಂತೆ ಒತ್ತಿಕೊಳ್ಳುವುದು. ಇದನ್ನು ತಿಳಿಯಲು ಒಂದು ಅಡಿ ಉದ್ದಗಲ ಆಳದ ಗುಂಡಿ ತೆಗೆದು ನೀರು ತುಂಬಬೇಕು. ಅದು ಇಂಗಿದ ಮೇಲೆ ಸಾಯಂಕಾಲ ಮತ್ತೊಮ್ಮೆ ತುಂಬಬೇಕು. ಮರುದಿನ ಬೆಳಗ್ಗೆಯೂ ನೀರು ನಿಂತಿದ್ದರೆ ಆ ನೆಲವನ್ನು ಆಳವಾಗಿ ಅಗೆದು ಸಡಿಲಿಸದೆ ಗಿಡ ನೆಡುವುದು ವ್ಯರ್ಥ. ಈ ಪರೀಕ್ಷೆಗೆ ಕೆಲವು ಕೊಡ ನೀರಿನ ಹೊರತು ಯಾವ ಖರ್ಚೂ ಇಲ್ಲ.

3. ನೆಲದ ಇಳಿಜಾರು

ಹೊಲಕ್ಕೆ ಬದು ಹಾಕುವ ಯಾವ ರೈತನಿಗೂ ನೀರಿನ ಹಾದಿಯನ್ನು ಹೇಳಿಕೊಡಬೇಕಾಗಿಲ್ಲ. ಆದರೂ ಅಂಗಳವನ್ನು ಕಣ್ಣಂದಾಜಿನಲ್ಲಿ ಮಟ್ಟ ಮಾಡಿಸುವುದುಂಟು. ಗೋಡೆಯಿಂದ ಹೊರಕ್ಕೆ ಮೊದಲ 10 ಅಡಿಯಲ್ಲಿ ನೆಲವು ಅರ್ಧ ಅಡಿಯಷ್ಟಾದರೂ ಇಳಿಯಬೇಕು. ಎರಡು ಗೂಟ, ಒಂದು ದಾರ ಮತ್ತು ನೀರು ತುಂಬಿದ ಪಾರದರ್ಶಕ ಕೊಳವೆ, ಇಷ್ಟಿದ್ದರೆ ಇದನ್ನು ಯಾರಾದರೂ ಅಳೆಯಬಹುದು. ಹುಲ್ಲು ಹಾಸುವುದಕ್ಕೆ ಮೊದಲು ನಾಲ್ಕು ಕೊಡ ನೀರನ್ನು ಗೋಡೆಯ ಬುಡದಲ್ಲಿ ಸುರಿದು ಅದು ಎತ್ತ ಹರಿಯುವುದೆಂದು ನೋಡಬೇಕು. ತಳಪಾಯಕ್ಕೆ ನೀರು ಇಳಿದರೆ ಆಗುವ ಕೇಡು ತೋಟದ ಕೇಡಿಗಿಂತ ಎಷ್ಟೋ ಹೆಚ್ಚಿನದು.

4. ಗುಂಡಿ, ಗೊಬ್ಬರ ಮತ್ತು ಅಂತರ

ತೆಂಗಿಗೂ ಮಾವಿಗೂ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ಗುಂಡಿ ಬೇಕು. ಒಂದು ಗುಂಡಿಗೆ 27 ಘನ ಅಡಿ ಮಣ್ಣು ಹೊರಬರುತ್ತದೆ. ಮೇಲೆ ಹೇಳಿದ ಗುಂಡಿಗಳ ಆಳ ಒಂದೂವರೆ ಅಡಿಯಾದುದರಿಂದ, ಅವುಗಳ ಉದ್ದಗಲ ಸರಿಯಾಗಿದ್ದರೂ ಕೆಲಸವು ಅರ್ಧವೇ. ಗುಂಡಿಗಳನ್ನು ತೆಗೆದ ಮೇಲೆ ಕೆಲವು ದಿನ ಬಿಸಿಲಿಗೆ ಬಿಟ್ಟು, ಯಜಮಾನರು ಕೋಲಿನಿಂದ ಪ್ರತಿಯೊಂದನ್ನೂ ಅಳೆದು, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ತಮ್ಮ ಕಣ್ಣೆದುರಿಗೆ ಹಾಕಿಸತಕ್ಕದ್ದು. ಕೊಳೆಯದ ಸಗಣಿ ಹಾಕಿದರೆ ಗೆದ್ದಲೂ ಗೊಣ್ಣೆ ಹುಳುವೂ ಸೇರುವುವು. ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ದುಂಬಿಯು ಮೊಟ್ಟೆಯಿಡುವುದೂ ಇಂತಹ ಗೊಬ್ಬರದಲ್ಲಿಯೇ.

ಅಂತರದ ವಿಷಯದಲ್ಲಿಯೂ ಲೆಕ್ಕ ನೋಡಬೇಕು. ತೆಂಗಿಗೆ ಗಿಡದಿಂದ ಗಿಡಕ್ಕೆ 27 ಅಡಿ ಬಿಟ್ಟರೆ ಒಂದು ಗಿಡಕ್ಕೆ 729 ಚದರ ಅಡಿ ಬೇಕು. 5 ಗುಂಟೆಯಲ್ಲಿರುವುದು 5,445 ಚದರ ಅಡಿ. ಅಂದರೆ ಬೇರೆ ಯಾವ ಗಿಡವೂ ಇಲ್ಲದೆ ತೆಂಗನ್ನೇ ನೆಟ್ಟರೂ 7 ಮರಗಳಿಗೆ ಮಾತ್ರ ಜಾಗ. ಅಲ್ಲಿ 12 ತೆಂಗು ಮತ್ತು 8 ಮಾವುಗಳನ್ನು ನೆಟ್ಟದ್ದು ಗಿಡಗಳ ಸಂಖ್ಯೆಯನ್ನು ತೋರಿಸಿ ಹಣ ಎಣಿಸುವುದಕ್ಕಲ್ಲದೆ ಬೇರೆ ಯಾವುದಕ್ಕೂ ಅಲ್ಲ. ಅವುಗಳಲ್ಲಿ ಕೆಲವು ಕಾಂಪೌಂಡಿನ ಗೋಡೆಯಿಂದ 4 ಅಡಿಯೊಳಗೇ ಇದ್ದವು. ಬದುಕಿದ್ದರೂ ಅವುಗಳ ಗರಿ ಕಾಯಿಗಳು ನೆರೆಯವರ ಛಾವಣಿಯ ಮೇಲೆ ಬಿದ್ದು ಜಗಳಕ್ಕೆ ಕಾರಣವಾಗುತ್ತಿದ್ದವು.

5. ಸಸಿಗಳ ಪರೀಕ್ಷೆ

ತೆಂಗಿನ ಸಸಿಯು 9ರಿಂದ 12 ತಿಂಗಳಿನದಾಗಿದ್ದು, 5 ಅಥವಾ 6 ಗರಿಗಳನ್ನು ಹೊಂದಿ, ಬುಡದಲ್ಲಿ ದಪ್ಪನಾಗಿರಬೇಕು. ಎತ್ತರವಾಗಿ ಸಣಕಲಾಗಿ ಬೆಳೆದ ಸಸಿಯನ್ನು ಎತ್ತರಕ್ಕೆ ಮರುಳಾಗಿ ತೆಗೆದುಕೊಳ್ಳಬಾರದು. ಕಸಿ ಮಾವಿನಲ್ಲಿ ಕಾಂಡದ ಮೇಲೆ ಎರಡು ಭಾಗಗಳು ಕೂಡಿದ ಗುರುತು ಸ್ಪಷ್ಟವಾಗಿ ಕಾಣುವುದು. ನೆಡುವಾಗ ಈ ಗಂಟು ನೆಲದಿಂದ ಒಂದು ಗೇಣಿನಷ್ಟು ಮೇಲಿರಬೇಕು. ಗಂಟಿನ ಕೆಳಗೆ ಹೊರಡುವ ಚಿಗುರುಗಳನ್ನು ಚಿವುಟುತ್ತಿರಬೇಕು. ಗುರುತೇ ಇಲ್ಲದಿದ್ದರೆ ಅದು ಬೀಜದ ಸಸಿ. ಕಸಿಯ ಗಿಡವು ನಾಲ್ಕೈದು ವರ್ಷಗಳಲ್ಲಿ ಫಲ ಕೊಡಲಾರಂಭಿಸಿದರೆ ಬೀಜದ ಗಿಡಕ್ಕೆ ಅದರ ಎರಡರಷ್ಟು ಕಾಲವೂ ಹಿಡಿಯಬಹುದು. ಅಲ್ಲದೆ ರಸಪುರಿಯೆಂದು ನೆಟ್ಟದ್ದು ರಸಪುರಿಯೇ ಆಗುವುದೆಂಬ ನಂಬಿಕೆಯೂ ಇಲ್ಲ. ಇದರಲ್ಲಿ ಮೋಸಹೋದವನಿಗೆ ಕಳೆದುಹೋದ ಹಣ ಮತ್ತೆ ದೊರೆತರೂ ಕಳೆದುಹೋದ ವರ್ಷಗಳು ದೊರೆಯುವುದಿಲ್ಲ.

ಚೀಲದಲ್ಲಿ ಬಹುಕಾಲವಿದ್ದ ಗಿಡದ ಬೇರುಗಳು ಒಳಗೇ ಸುತ್ತಿಕೊಂಡಿರುವುವು. ಚೀಲವನ್ನು ಕತ್ತರಿಸಿ ತೆಗೆದು, ಸುತ್ತಿದ ಬೇರುಗಳನ್ನು ಬಿಡಿಸಿ ನೆಡಬೇಕು. ಖಾಲಿಯಾದ ಚೀಲಗಳನ್ನು ಎಣಿಸಿ ಒಂದು ಕಡೆ ಇಡಿಸಿದರೆ, ನೆಟ್ಟ ಗಿಡಗಳೆಷ್ಟೋ ಚೀಲಗಳೂ ಅಷ್ಟಿವೆಯೆಂಬುದು ಕೂಡಲೇ ತಿಳಿಯುವುದು. ಸಸಿಗಳನ್ನು ಗುತ್ತಿಗೆದಾರನ ಮೂಲಕವೇ ಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ತಾವೇ ಆರಿಸಿ ತಂದು, ನೆಡುವ ಕೂಲಿಯನ್ನು ಮಾತ್ರ ಗುತ್ತಿಗೆಗೆ ಕೊಡಬಹುದು.

6. ನೀರು ಮತ್ತು ಕಾಲ

ಬೇಸಿಗೆಯಲ್ಲಿ ಹುಲ್ಲುಹಾಸಿಗೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರು ನೀರು ಬೇಕಾಗುವುದು. ಒಂದು ಗುಂಟೆಯು ಸುಮಾರು 100 ಚದರ ಮೀಟರು. ಆದ್ದರಿಂದ 3 ಗುಂಟೆಯ ಹಾಸಿಗೆ ದಿನವೊಂದಕ್ಕೆ 1,500 ಲೀಟರು. ಫಲಕ್ಕೆ ಬಂದ ಒಂದು ತೆಂಗಿನ ಮರಕ್ಕೆ ದಿನಕ್ಕೆ ಸುಮಾರು 50 ಲೀಟರೆಂದು ಇಟ್ಟುಕೊಂಡರೆ, ಈ ಹುಲ್ಲು ಕುಡಿಯುವ ನೀರು 30 ಮರಗಳ, ಅಂದರೆ ಸುಮಾರು ಅರ್ಧ ಎಕರೆ ತೆಂಗಿನ ತೋಟದ ನೀರು. ಬೃಂದಾವನವನ್ನು ನೋಡಿ ಬಂದವರಿಗೆ ತಮ್ಮ ಮನೆಯ ಮುಂದೆಯೂ ಅಂತಹ ಹಸಿರು ಬೇಕೆನಿಸುವುದು ಸಹಜ. ಆದರೆ ಬೃಂದಾವನದ ಮೇಲುಗಡೆಗೆ ಕೃಷ್ಣರಾಜಸಾಗರದ ಕಟ್ಟೆಯಿದೆ. ಕೊಳವೆಬಾವಿಯೊಂದನ್ನೇ ನಂಬಿದ ಮನೆಯವರು ಮೊದಲು ಬಾವಿಯ ಬೇಸಿಗೆಯ ಇಳುವರಿಯನ್ನು ಅಳೆದು, ಮನೆಗೂ ದನಕರುಗಳಿಗೂ ಬೇಕಾದುದನ್ನು ಕಳೆದು, ಉಳಿದದ್ದಕ್ಕೆ ತಕ್ಕಂತೆ ಹಾಸನ್ನು ಇಟ್ಟುಕೊಳ್ಳತಕ್ಕದ್ದು.

ಹಾಸನದ ಸೀಮೆಯಲ್ಲಿ ಗಿಡ ನೆಡಲು ಮೃಗಶಿರೆ, ಆರಿದ್ರೆಗಳ ಮಳೆ, ಎಂದರೆ ಸುಮಾರು ಜೂನ್ ಎರಡನೆಯ ವಾರದಿಂದ ಜುಲೈ ಮೊದಲ ವಾರದವರೆಗಿನ ಕಾಲವು ಪ್ರಶಸ್ತ. ಬೇಸಿಗೆಯಲ್ಲಿ ನೆಟ್ಟ ಗಿಡವು ಬೇರೂರುವುದಕ್ಕೆ ಮೊದಲೇ ಬಿಸಿಲಿಗೆ ಸಿಕ್ಕುವುದು. ಈ ಒಂದು ವಿಷಯದಲ್ಲಿ ತಪ್ಪು ಗುತ್ತಿಗೆದಾರನದು ಮಾತ್ರವಲ್ಲ. ಗೃಹಪ್ರವೇಶದ ದಿನಕ್ಕೆ ತೋಟವು ಸಿದ್ಧವಾಗಬೇಕೆಂದು ಹಟ ಹಿಡಿದವರು ಯಜಮಾನರೇ. ಮಂಗಳ ಕಾರ್ಯಕ್ಕೆ ಹಸಿರು ಬೇಕಾದರೆ ಬಾಳೆಯ ಕಂಬ ಮತ್ತು ಮಾವಿನ ತೋರಣಗಳೇ ಸಾಕು. ತೋಟವು ಮಳೆಗಾಲಕ್ಕೆ ಕಾಯಬಹುದು.

ಕರಾರು ಪತ್ರ ಮತ್ತು ಹಣದ ಕಂತುಗಳು

1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಬಾಯಿಮಾತಿನ ಕರಾರೂ ಸಿಂಧುವಾಗಬಹುದು. ಆದರೆ ಅದನ್ನು ರುಜುವಾತು ಪಡಿಸುವುದು ಕಷ್ಟ. ಗುಂಡಿಯ ಆಳ ಇಷ್ಟೆಂದು ಒಪ್ಪಿದ್ದಕ್ಕೆ ಬರವಣಿಗೆಯೇ ಇಲ್ಲದಿದ್ದರೆ, ಆಳ ಕಡಿಮೆಯಾಯಿತೆಂದು ವಾದಿಸುವುದು ಹೇಗೆ? ಆದಕಾರಣ ಛಾಪಾ ಕಾಗದದ ಮೇಲೆ, ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ, ಈ ಕೆಳಗಿನವುಗಳನ್ನು ಬರೆಯಿಸಿ ಉಭಯರೂ ರುಜು ಹಾಕತಕ್ಕದ್ದು: ಮಣ್ಣಿನ ಮೂಲ, ದಪ್ಪ ಮತ್ತು ಘನ ಅಡಿ, ಇಳಿಜಾರಿನ ದಿಕ್ಕು, ಗುಂಡಿಗಳ ಸಂಖ್ಯೆ ಮತ್ತು ಅಳತೆ, ಒಂದೊಂದು ಗುಂಡಿಗೆ ಗೊಬ್ಬರದ ಪ್ರಮಾಣ, ಗಿಡಗಳ ಜಾತಿ, ತಳಿ, ವಯಸ್ಸು, ಹುಲ್ಲಿನ ಜಾತಿ, ಆರಂಭದ ಮತ್ತು ಮುಕ್ತಾಯದ ದಿನಾಂಕ, ಸತ್ತ ಗಿಡಕ್ಕೆ ಬದಲು ಗಿಡವನ್ನು ಎಷ್ಟು ಕಾಲದವರೆಗೆ ಕೊಡಬೇಕೆಂಬುದು, ಆ ಕಾಲದಲ್ಲಿ ನೀರು ಹಾಕುವ ಜವಾಬ್ದಾರಿ ಯಾರದೆಂಬುದು. ಕಡೆಯದನ್ನು ಬರೆಯದಿದ್ದರೆ ಗಿಡ ಸತ್ತಾಗ ಒಬ್ಬರು ಮತ್ತೊಬ್ಬರನ್ನು ದೂರುವುದು ಖಂಡಿತ.

ಹಣವನ್ನು ಆರು ಹಂತಗಳಲ್ಲಿ ಕೊಡುವುದು ಕ್ಷೇಮ. 2,80,000 ರೂಪಾಯಿಯ ಕೆಲಸವನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ, ಮುಂಗಡವಾಗಿ ನೂರಕ್ಕೆ 10ರಂತೆ 28,000. ಮಟ್ಟ ಮಾಡಿ ಮಣ್ಣು ಹರಡಿ ಅಳತೆಯಾದ ಮೇಲೆ ನೂರಕ್ಕೆ 25ರಂತೆ 70,000. ಗುಂಡಿ ತೆಗೆದು ಗೊಬ್ಬರ ಹಾಕಿದ್ದನ್ನು ಮುಚ್ಚುವ ಮೊದಲು ನೋಡಿದ ಮೇಲೆ ನೂರಕ್ಕೆ 15ರಂತೆ 42,000. ಗಿಡ ಮತ್ತು ಹುಲ್ಲನ್ನು ನೆಟ್ಟ ಮೇಲೆ ನೂರಕ್ಕೆ 30ರಂತೆ 84,000. ಉಳಿದ 56,000 ರೂಪಾಯಿಯಲ್ಲಿ ಅರ್ಧವನ್ನು ಮೂರು ತಿಂಗಳಾದ ಮೇಲೆಯೂ, ಮಿಕ್ಕ ಅರ್ಧವನ್ನು ಮುಂದಿನ ಬೇಸಿಗೆ ಕಳೆದ ಮೇಲೆಯೂ ಕೊಡಬೇಕು. ಒಂದು ಮಳೆಗಾಲ ಮತ್ತು ಒಂದು ಬೇಸಿಗೆಯನ್ನು ದಾಟಿದ ತೋಟವೇ ತೋಟ. ಪ್ರತಿಯೊಂದು ಕಂತನ್ನೂ ಬ್ಯಾಂಕಿನ ಮೂಲಕ ಕೊಟ್ಟು ರಶೀದಿ ಪಡೆಯಬೇಕು. ಈ ಕ್ರಮವನ್ನು ಅನುಸರಿಸಿದ್ದರೆ ಆ ಗೃಹಸ್ಥರು ಮಣ್ಣಿನ ಹಂತದಲ್ಲಿಯೇ ಮೋಸವನ್ನು ಕಂಡು, 28,000 ರೂಪಾಯಿಗೆ ಕೆಲಸವನ್ನು ನಿಲ್ಲಿಸಬಹುದಾಗಿತ್ತು.

ಗುತ್ತಿಗೆದಾರರೆಲ್ಲರೂ ವಂಚಕರೆಂದು ಇದರಿಂದ ತಿಳಿಯಬಾರದು. ಕೆಲಸ ಬಲ್ಲವನಿಗೆ ಇಂತಹ ಕರಾರಿನಿಂದ ಅನುಕೂಲವೇ ಉಂಟು. ಅಳತೆಯಾದ ಕೂಡಲೇ ಹಣ ಕೈಸೇರುವುದು, ಬೇಡದ ತಕರಾರುಗಳು ತಪ್ಪುವುವು. ಅವನು ಹಿಂದೆ ಮಾಡಿದ ತೋಟಗಳಲ್ಲಿ ಎರಡು ವರ್ಷ ಕಳೆದ ಒಂದೆರಡನ್ನು ಹೋಗಿ ನೋಡಿ, ಆ ಮನೆಯವರನ್ನು ವಿಚಾರಿಸುವುದು ಚಿತ್ರಗಳನ್ನು ನೋಡುವುದಕ್ಕಿಂತ ಮೇಲು. ಅಳತೆಗೆ ಒಪ್ಪದವನಿಗೆ ಕೆಲಸವನ್ನು ಕೊಡದಿರುವುದೇ ಲೇಸು.

ವ್ಯಾಜ್ಯ ಒದಗಿದರೆ

ಮೊದಲು ದೋಷಗಳನ್ನು ದಿನಾಂಕಸಹಿತ ಛಾಯಾಚಿತ್ರಗಳಲ್ಲಿ ದಾಖಲೆ ಮಾಡಿ, ಸರಿಪಡಿಸುವಂತೆ, ತಲುಪಿದ್ದಕ್ಕೆ ದಾಖಲೆ ದೊರೆಯುವ ಹಾಗೆ ಅಂಚೆಯಲ್ಲಿ ನೋಟೀಸು ಕಳುಹಿಸಬೇಕು. ಗುಂಡಿಗಳನ್ನು ಬಿಡಿಸುವಾಗ ಊರಿನ ಇಬ್ಬರು ಹಿರಿಯರನ್ನು ಕರೆದು ಪಂಚನಾಮೆಯಂತೆ ಬರೆದಿಡುವುದು ಒಳ್ಳೆಯದು. ಫಲ ಕಾಣದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಫಿರ್ಯಾದು ಕೊಡಬಹುದು. ವಾಸದ ಮನೆಗಾಗಿ ಹಣ ಕೊಟ್ಟು ಪಡೆದ ಇಂತಹ ಸೇವೆಯು ಆ ಕಾಯಿದೆಗೆ ಒಳಪಡುವುದು. ಕಾರಣವು ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಫಿರ್ಯಾದು ಸಲ್ಲಬೇಕು. ಕೊಟ್ಟ ಹಣವು 5 ಲಕ್ಷ ರೂಪಾಯಿಗೆ ಮೀರದಿದ್ದರೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಆ ಗೃಹಸ್ಥರು ಬರವಣಿಗೆಯಿಲ್ಲದ ಕಾರಣ ಫಿರ್ಯಾದಿಗೆ ಹೋಗಲು ಹಿಂಜರಿದರು. ಊರಿನ ಹಿರಿಯರು ಗುತ್ತಿಗೆದಾರನನ್ನು ಕರೆಯಿಸಿ ಕೂರಿಸಿದರು. ಉಳಿದ 30,000 ರೂಪಾಯಿಯನ್ನು ಅವನು ಕೇಳಬಾರದೆಂದು ತೀರ್ಮಾನವಾಯಿತೇ ಹೊರತು, ಕೊಟ್ಟದ್ದರಲ್ಲಿ ಒಂದು ರೂಪಾಯಿಯೂ ಹಿಂದಕ್ಕೆ ಬರಲಿಲ್ಲ.

ಮುಂದಿನ ವರ್ಷ ಅವರು ತಮ್ಮ ಹೊಲದ ಆಳುಗಳನ್ನೇ ಇಟ್ಟುಕೊಂಡು, ಕಸವನ್ನು ಹೊರಗೆ ಹಾಕಿಸಿ, ಇಳಿಜಾರನ್ನು ತಿದ್ದಿಸಿ, ತಮ್ಮದೇ ಹೊಲದ ಮೇಲ್ಮಣ್ಣನ್ನೂ ತಮ್ಮದೇ ತಿಪ್ಪೆಯ ಗೊಬ್ಬರವನ್ನೂ ತಂದು, ಆರಿದ್ರೆಯ ಮಳೆಯಲ್ಲಿ 4 ತೆಂಗು ಮತ್ತು 2 ಕಸಿ ಮಾವುಗಳನ್ನು ನೆಟ್ಟರು. ಹುಲ್ಲುಹಾಸನ್ನು ಅರ್ಧ ಗುಂಟೆಗೆ ಇಳಿಸಿ, ಅಲ್ಲಿ ಊರಿನ ಗರಿಕೆಯನ್ನೇ ಹಬ್ಬಿಸಿದರು. ಉಳಿದ ಜಾಗದಲ್ಲಿ ಮನೆಯ ಹೆಂಗಸರು ಕನಕಾಂಬರ, ಮಲ್ಲಿಗೆ, ನುಗ್ಗೆ, ಕರಿಬೇವುಗಳನ್ನು ಹಾಕಿದ್ದಾರೆ. ಗಿಡಗಳೆಲ್ಲವೂ ನಿಂತಿವೆ. ಹತ್ತಾರು ವರ್ಷ ತೆಂಗಿಗೆ ಗುಂಡಿ ತೆಗೆಯಿಸಿದ ಕೈಗೆ ಈ ವಿದ್ಯೆ ಮೊದಲೇ ತಿಳಿದಿತ್ತು. ಪಟ್ಟಣದ ಹೆಸರನ್ನು ಕೇಳಿ ಅದನ್ನು ಉಪಯೋಗಿಸದೆ ಬಿಟ್ಟದ್ದಕ್ಕೆ ಅವರು ಕೊಟ್ಟ ಬೆಲೆ ಎರಡೂವರೆ ಲಕ್ಷ ರೂಪಾಯಿ.

ಗ್ರಾಮಗಳ ಮುಖಂಡರು ಈ ಸಂಗತಿಯನ್ನು ತಮ್ಮ ಊರಿನಲ್ಲಿ ಮನೆ ಕಟ್ಟಿಸುವವರಿಗೆ ತಿಳಿಯಪಡಿಸಿ, ಕರಾರಿಗೆ ಸಾಕ್ಷಿಗಳಾಗಿ ರುಜು ಹಾಕುವುದರ ಜೊತೆಗೆ ಗುಂಡಿಗಳನ್ನು ಅಳೆಯುವ ದಿನ ತಾವೂ ಹೋಗಿ ನಿಂತರೆ ಬಹಳ ಉಪಕಾರವಾಗುವುದು. ಮೂರು ಅಡಿಯ ಒಂದು ಕೋಲು ಇದಕ್ಕೆ ಸಾಕು.